ಹಳೇ ಕೇಬಲ್ಲನ್ನೇ ಮತ್ತೊಮ್ಮೆ ಹಾಕಿ ನೋಡಿ

ಫೈಲ್ ಕಾಪಿ ಮಾಡುವಾಗ ಕಂಪ್ಯೂಟರ್ ಅರ್ಧಕ್ಕೇ ನಿಂತರೆ, ಡಿ ಡ್ರೈವ್ ಒಮ್ಮೆ ಕಾಣಿಸಿ ಒಮ್ಮೆ ಮಾಯವಾದರೆ, ರಿಪೇರಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಹಾರ್ಡ್ ಡಿಸ್ಕ್ ಹೋಗಿದೆ, ಬದಲಾಯಿಸಿಬಿಡಿ.’ ಹೋಗಿರಲೂಬಹುದು. ಆದರೆ ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಸಾಟಾ ಕೇಬಲ್ ಇದೆ, ಅದರ ಎರಡು ತುದಿಗಳಲ್ಲಿ ಕನೆಕ್ಟರ್‌ಗಳಿವೆ, ಬೋರ್ಡಿನ ಮೇಲೆ ಪೋರ್ಟ್ ಇದೆ, ಎಸ್‌ಎಂಪಿಎಸ್‌ನಿಂದ ಬರುವ ಕರೆಂಟಿದೆ. ಯಾವುದು ಕೈಕೊಟ್ಟರೂ ಪರದೆಯ ಮೇಲೆ ಕಾಣುವ ಲಕ್ಷಣ ಹೆಚ್ಚುಕಡಿಮೆ ಒಂದೇ. ಮನೆಯಲ್ಲೇ ಕಂಪ್ಯೂಟರ್ ರಿಪೇರಿ ಮಾಡುವ ಹವ್ಯಾಸದ ಸೊಗಸಿರುವುದು ಇವುಗಳಲ್ಲಿ ನಿಜವಾದ ಅಪರಾಧಿಯನ್ನು ಪತ್ತೆ ಮಾಡುವುದರಲ್ಲಿ.

ಪರೀಕ್ಷೆಗೂ ಮುಂಚೆ ಡೇಟಾ ಉಳಿಸಿಕೊಳ್ಳಬೇಕು. ಕೊನೆಯುಸಿರೆಳೆಯುತ್ತಿರುವ ಡಿಸ್ಕಿನ ಮೇಲೆ ವಿಂಡೋಸ್‌ನ ಚೆಕ್‌ಡಿಸ್ಕನ್ನು ದುರಸ್ತಿಗೆಂದು ಓಡಿಸುವುದು ದೊಡ್ಡ ಅಪಾಯ. ಅದು ಫೈಲ್‌ಗಳ ಲೆಕ್ಕಪತ್ರವನ್ನು ಅದೇ ಡಿಸ್ಕಿನ ಮೇಲೆ ತಿದ್ದಿ ಬರೆಯುತ್ತದೆ. ಲಿನಕ್ಸ್‌ನ ಡಿಡಿರೆಸ್ಕ್ಯೂ ಹಾಗಲ್ಲ. ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ಬೇರೆ ಡಿಸ್ಕಿಗೆ ಎತ್ತಿಕೊಳ್ಳುತ್ತದೆ, ತೊಡಕಿನ ಜಾಗಗಳನ್ನು ಗುರುತಿಟ್ಟುಕೊಂಡು ಕೊನೆಯಲ್ಲಿ ಅವುಗಳ ಬಳಿ ಹೋಗುತ್ತದೆ. ಒಳಗಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಅದಕ್ಕೂ ಕೈ ಹಾಕಬೇಡಿ. ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲಿನ ಗುರುತು ಸಿಗದೆ, ಅದನ್ನು ಓದುವ ಹೆಡ್ ಮತ್ತೆ ಮತ್ತೆ ಹಿಂದಕ್ಕೆ ಹೋಗುವ ಸದ್ದು ಅದು. ಕೂಡಲೇ ಆಫ್ ಮಾಡಿ, ಡೇಟಾ ಬೇಕೇಬೇಕೆಂದರೆ ರಿಕವರಿ ಮಾಡುವವರ ಕೈಗೆ ಕೊಡಿ. ಫ್ರೀಜರಿನಲ್ಲಿಟ್ಟು ತೆಗೆಯುವ ಉಪಾಯವಂತೂ ಖಂಡಿತ ಬೇಡ. ತಟ್ಟೆಯ ಮೇಲೆ ತೇವ ಕೂತರೆ ಉಳಿದದ್ದೂ ಹೋಗುತ್ತದೆ.

ಡೇಟಾ ಸುರಕ್ಷಿತವಾದ ಮೇಲೆ ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ವರದಿಯನ್ನು ತೆರೆಯಿರಿ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಅದನ್ನು ತೋರಿಸುತ್ತವೆ. ದಶಮಾನದ ಲೆಕ್ಕಕ್ಕೆ ಬದಲಾಯಿಸಿಕೊಳ್ಳದಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ಕಚ್ಚಾ ಅಂಕಿಗಳು ಹೆಕ್ಸಾಡೆಸಿಮಲ್‌ನಲ್ಲಿರುತ್ತವೆ. ಅಲ್ಲಿ 10 ಎಂದರೆ ಹದಿನಾರು. ಪಟ್ಟಿಯ 5, 197, 198ನೇ ಸಾಲುಗಳು ತಟ್ಟೆಯ ಕಥೆ ಹೇಳುತ್ತವೆ: ಬದಲಿ ಜಾಗಕ್ಕೆ ವರ್ಗವಾದ ಸೆಕ್ಟರ್‌ಗಳು, ಓದಲಾಗದೆ ಕಾದು ಕೂತವು, ಕೈಬಿಟ್ಟುಹೋದವು. ಅವು ಏರುತ್ತಿದ್ದರೆ ವಾದ ಬೇಡ, ಹೊಸ ಡಿಸ್ಕ್ ತನ್ನಿ. ನನಗೆ ಬಹಳ ಮೆಚ್ಚಿನ ಸಾಲು 199. ಡಿಸ್ಕಿಗೂ ಬೋರ್ಡಿಗೂ ನಡುವಿನ ದಾರಿಯಲ್ಲಿ ಡೇಟಾ ಕೆಟ್ಟಾಗಲೆಲ್ಲ ಏರುವ ಲೆಕ್ಕ ಇದು. ಉಳಿದ ಮೂರು ಸೊನ್ನೆಯಾಗಿದ್ದು ಇದೊಂದೇ ನೂರಾರು ತೋರಿಸಿದರೆ ನನ್ನ ಕಣ್ಣು ಮೊದಲು ಕೇಬಲ್ ಮೇಲೆ. ಈ ಅಂಕಿ ಒಮ್ಮೆ ಏರಿದರೆ ಇಳಿಯುವುದಿಲ್ಲ. ಹಾಗಾಗಿ ಇವತ್ತಿನ ಅಂಕಿಯನ್ನು ಬರೆದಿಟ್ಟುಕೊಂಡು, ಒಂದಷ್ಟು ದೊಡ್ಡ ಫೈಲ್‌ಗಳನ್ನು ಅತ್ತಿಂದಿತ್ತ ಸಾಗಿಸಿ, ಮತ್ತೆ ನೋಡಬೇಕು.

ಈಗ ಕೇಬಲ್ ಬದಲಾಯಿಸಿ. ಕೇಬಲ್ ಒಂದನ್ನೇ. ಪೋರ್ಟನ್ನೂ ಅದೇ ಉಸಿರಿನಲ್ಲಿ ಬದಲಾಯಿಸಿದರೆ ಏನೂ ಗೊತ್ತಾಗುವುದಿಲ್ಲ. ತೊಂದರೆ ನಿಂತಿತೇ? ಬಹಳ ಜನ ಇಲ್ಲಿಗೇ ಕ್ಯಾಬಿನೆಟ್ ಮುಚ್ಚಿ ಸ್ಕ್ರೂ ಬಿಗಿಯುತ್ತಾರೆ. ನಾನು ಹೇಳುವುದು, ಹಳೇ ಕೇಬಲ್ಲನ್ನೇ ಮತ್ತೆ ಹಾಕಿ ನೋಡಿ. ಕಿತ್ತು ಹಾಕುವಾಗ ಕನೆಕ್ಟರಿನ ಲೋಹ ಉಜ್ಜಿ ಶುಚಿಯಾಗುತ್ತದೆ, ಸಡಿಲವಾಗಿದ್ದದ್ದು ಸರಿಯಾಗಿ ಕೂರುತ್ತದೆ. ಗುಣವಾದದ್ದು ಹೊಸ ಕೇಬಲಿನಿಂದಲೋ ಬರೀ ಕಿತ್ತು ಹಾಕಿದ್ದರಿಂದಲೋ? ಹಳೆಯದು ಬಂದೊಡನೆ ತೊಂದರೆಯೂ ಮರಳಿದರೆ ಮಾತ್ರ ಆರೋಪ ಸಾಬೀತು.

ಕೇಬಲ್ ನಿರ್ದೋಷಿಯಾದರೆ ಮುಂದಿನ ಸಂಶಯ ಪೋರ್ಟಿನ ಮೇಲೆ. ಅದೂ ಕೈಕೊಡುವುದುಂಟು. 2011ರ ಜನವರಿ 31ರಂದು ಇಂಟೆಲ್ ತನ್ನ ಹೊಸ ಚಿಪ್‌ಸೆಟ್ ಕೂಗರ್ ಪಾಯಿಂಟ್‌ನಲ್ಲೇ ದೋಷವಿದೆ ಎಂದು ಪ್ರಕಟಿಸಿತು. ಸೆಕೆಂಡಿಗೆ 3 ಗಿಗಾಬಿಟ್ ವೇಗದ ಸಾಟಾ ಪೋರ್ಟ್‌ಗಳು ಕಾಲಕ್ರಮದಲ್ಲಿ ದುರ್ಬಲವಾಗುವ ಸಂಭವವಿತ್ತು. ಅದೇ ಚಿಪ್ಪಿನ 6 ಗಿಗಾಬಿಟ್ ಪೋರ್ಟ್‌ಗಳಿಗೆ ಆ ತೊಂದರೆ ಇರಲಿಲ್ಲ. ಅಂಥ ಬೋರ್ಡಿನಲ್ಲಿ ಎಷ್ಟು ಡಿಸ್ಕ್ ಬದಲಾಯಿಸಿದರೂ ಫಲವಿಲ್ಲ, ಪಕ್ಕದ 6 ಗಿಗಾಬಿಟ್ ಪೋರ್ಟಿಗೆ ಚುಚ್ಚಿ ನೋಡಿದವರಿಗೆ ಒಂದೇ ನಿಮಿಷದಲ್ಲಿ ಉತ್ತರ.

ಕರೆಂಟಿನದು ಇನ್ನೊಂದು ಬಗೆ. ಹೊರಗಿನಿಂದ ಜೋಡಿಸುವ ಚಿಕ್ಕ ಡಿಸ್ಕ್ ತಿರುಗಲು ಶುರುಮಾಡುವ ಗಳಿಗೆಯಲ್ಲೇ ಅತಿ ಹೆಚ್ಚು ಕರೆಂಟು ಎಳೆಯುತ್ತದೆ. ಯುಎಸ್‌ಬಿ 2ರ ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3ರದು 900. ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿನಲ್ಲಿ ಏಳದ ಡಿಸ್ಕ್, ಬೋರ್ಡಿಗೇ ಅಂಟಿಕೊಂಡಿರುವ ಹಿಂದಿನ ಪೋರ್ಟಿನಲ್ಲಿ ಸಲೀಸಾಗಿ ಏಳುವುದುಂಟು.

ಸ್ಮಾರ್ಟ್ ವರದಿ ಶುಚಿಯಾಗಿದೆ ಎಂದು ಡಿಸ್ಕಿಗೆ ಆರೋಗ್ಯದ ಸರ್ಟಿಫಿಕೇಟ್ ಕೊಡಬೇಡಿ. ಗೂಗಲ್‌ನ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ ಶೇ 56ಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚಕಗಳಲ್ಲಿ ಒಂದರಲ್ಲೂ ಎಚ್ಚರಿಕೆ ಕೊಟ್ಟಿರಲಿಲ್ಲ. ಕೇಬಲ್, ಪೋರ್ಟ್, ಕರೆಂಟು ಮೂರೂ ಪಾರಾಗಿ ತೊಂದರೆ ಹಾಗೇ ಉಳಿದರೆ, ವರದಿ ಏನೇ ಹೇಳಲಿ, ಆ ಡಿಸ್ಕಿನ ಮೇಲೆ ಮನೆಯ ಫೋಟೋಗಳನ್ನು ಇಡಬೇಡಿ.

ತಪ್ಪು ಸಾಬೀತಾದ ಕೇಬಲ್ಲನ್ನು ಬಿಡಿಭಾಗಗಳ ಡಬ್ಬಿಗೆ ವಾಪಸು ಹಾಕುವವರು ಬಹಳ. ಮುಂದೊಂದು ದಿನ ಅದೇ ಇನ್ನೊಂದು ಕಂಪ್ಯೂಟರಿಗೆ ಹೋಗಿ ಇನ್ನೊಂದು ಡಿಸ್ಕಿನ ಮೇಲೆ ಅಪವಾದ ಹೊರಿಸುತ್ತದೆ. ಕತ್ತರಿಯಲ್ಲಿ ಎರಡು ತುಂಡು ಮಾಡಿ ಎಸೆಯಿರಿ.