ಶಿಶುವರ್ಗದಲ್ಲಿ ಇಂಗ್ಲಿಷಿನ ಮಾತು: ಉಪಾಧ್ಯಾಯ ಶಿಕ್ಷಣಕ್ರಮದ ಒಂದು ವಿಮರ್ಶೆ

ಕರ್ಣಾಟಕದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷನ್ನು ಒಂದನೆಯ ತರಗತಿಯಿಂದಲೇ ಒಂದು ಭಾಷಾವಿಷಯವನ್ನಾಗಿ ಹೇಳಿಕೊಡುವ ಪದ್ಧತಿ 2007ರಲ್ಲಿ ಮೊದಲಾಯಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವರ್ಗಗಳನ್ನೇ ತೆರೆಯಲಾಯಿತು. ಮಾಧ್ಯಮವನ್ನು ಕುರಿತು 1994ರ ಸರ್ಕಾರಿ ಆಜ್ಞೆಯಿಂದ 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನವರೆಗೆ ನಡೆದ ವಾದವಿವಾದಗಳು ವಾಚಕರಿಗೆ ಪರಿಚಿತವಾದುವೇ. ಅವನ್ನು ಇಲ್ಲಿ ಮತ್ತೆ ಎತ್ತಿಕೊಳ್ಳುವುದಿಲ್ಲ. ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳದೆ ಹೋದ ಒಂದು ಸಣ್ಣ ಪ್ರಶ್ನೆಯನ್ನು ಮಾತ್ರ ಇಲ್ಲಿ ಪರ್ಯಾಲೋಚಿಸಬೇಕೆಂದಿದೆ. ಐದಾರು ವರ್ಷದ ಮಗುವಿಗೆ ಇಂಗ್ಲಿಷಿನ ಮಾತನ್ನು ಕಲಿಸಬೇಕಾದ ಉಪಾಧ್ಯಾಯನಿಗೆ ಆ ಮಾತು ಬಂದುದು ಎಲ್ಲಿಂದ? ಅವನನ್ನು ಸಿದ್ಧಗೊಳಿಸುವವರು ಅವನಿಗೆ ಕೊಡುತ್ತಿರುವುದು ಮಾತನ್ನೋ, ಮಾತನ್ನು ಕುರಿತ ಶಾಸ್ತ್ರವನ್ನೋ?

ಪ್ರಶ್ನೆ ಹೊಸದಲ್ಲ. ಢಾಕೆಯ ಉಪಾಧ್ಯಾಯ ಶಿಕ್ಷಣ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದ ಮೈಕೇಲ್ ವೆಸ್ಟರು 1926ರಲ್ಲಿ ಪ್ರಕಟಿಸಿದ ‘ಬೈಲಿಂಗ್ವಲಿಸಂ’ ಎಂಬ ಗ್ರಂಥದಲ್ಲಿ ಇದರ ಬುಡವನ್ನೇ ಹಿಡಿದು ಅಲ್ಲಾಡಿಸಿದರು. ಜೀವವಿಮೆಯವರ ಭಾಷೆಯಿಂದ ಅವರು ಒಂದು ಮಾತನ್ನು ಎರವು ತಂದರು. ವಿಮೆಯ ಕಂತನ್ನು ಪೂರ್ತಿ ಕಟ್ಟದೆ ನಡುವೆ ಬಿಟ್ಟವನಿಗೆ ಎಷ್ಟು ಹಣ ಹಿಂದಕ್ಕೆ ಬರುತ್ತದೆಯೋ ಅದು ಆ ಪತ್ರದ ಬಿಡುಗಡೆಯ ಬೆಲೆ. ಹಾಗೆಯೇ ಶಾಲೆಯನ್ನು ಎರಡು ವರ್ಷಕ್ಕೋ ನಾಲ್ಕು ವರ್ಷಕ್ಕೋ ಬಿಟ್ಟುಹೋದ ಬಂಗಾಳಿ ಹುಡುಗನಿಗೆ ಅದುವರೆಗಿನ ಇಂಗ್ಲಿಷ್ ಪಾಠದಿಂದ ಕೈಗೆ ಹತ್ತಿದ್ದೇನು ಎಂದು ಅವರು ಕೇಳಿದರು. ಮಾತನ್ನು ಕಲಿಸಹೊರಟರೆ ಹತ್ತುವುದು ಬಹು ಕಡಿಮೆ, ಓದನ್ನು ಕಲಿಸಿದರೆ ಸ್ವಲ್ಪವಾದರೂ ಉಳಿಯುತ್ತದೆ ಎಂಬುದು ಅವರ ವಾದದ ಸಾರ. ಓದಿಗೆ ಪುಸ್ತಕವೇ ಅರ್ಧ ಗುರು. ಮಾತಿಗಾದರೋ ಉಪಾಧ್ಯಾಯನ ನಾಲಗೆಯಲ್ಲದೆ ಬೇರೆ ಪುಸ್ತಕವಿಲ್ಲ.

ವೆಸ್ಟರ ನಿರ್ಣಯವನ್ನು ನಾವು ಹಾಗೆಯೇ ಒಪ್ಪಬೇಕಾಗಿಲ್ಲ. ಅವರ ಕಣ್ಣಮುಂದೆ ಇದ್ದವರು ಅಕ್ಷರಜ್ಞಾನ ಬಂದ ಹುಡುಗರು. ನಮ್ಮ ವಿಚಾರ ಇನ್ನೂ ತಾಯ್ನುಡಿಯ ಅಕ್ಷರವನ್ನೇ ತಿದ್ದುತ್ತಿರುವ ಮಗುವಿನದು. ಅದಕ್ಕೆ ಎರಡನೆಯ ಭಾಷೆ ಬರುವುದಾದರೆ ಕಿವಿಯಿಂದಲೇ ಬರಬೇಕು. ಆದರೆ ಅವರ ಪ್ರಶ್ನೆ ಮಾತ್ರ ಇಂದಿಗೂ ಉತ್ತರವಿಲ್ಲದೆ ನಿಂತಿದೆ. ಒಂದನೆಯ ತರಗತಿಯಿಂದ ಮೂರನೆಯದರವರೆಗೆ ಇಂಗ್ಲಿಷಿನಲ್ಲಿ ಕಳೆದ ಗಂಟೆಗಳಿಗೆ ಮಗುವಿಗೆ ಬಂದ ಬಿಡುಗಡೆಯ ಬೆಲೆಯನ್ನು ಲೆಕ್ಕಹಾಕಿದವರು ವಿರಳ.

ಮಾತಿನ ಮಾರ್ಗವನ್ನು ಹಿಡಿದವರಲ್ಲಿ ಹೆರಾಲ್ಡ್ ಪಾಮರರು ಮುಖ್ಯರು. ಅವರೂ ಅವರ ಮಗಳೂ ಕೂಡಿ 1925ರಲ್ಲಿ ಟೋಕಿಯೋದಲ್ಲಿ ಹೊರತಂದ ‘ಇಂಗ್ಲಿಷ್ ಥ್ರೂ ಆಕ್ಷನ್ಸ್’ ಎಂಬ ಪುಸ್ತಕ ಇಂದಿಗೂ ನೋಡತಕ್ಕದ್ದು. ಮಗು ಮೊದಲು ಮಾತಾಡಬೇಕಾಗಿಲ್ಲ. ಉಪಾಧ್ಯಾಯ ‘ಏಳು’ ಎಂದರೆ ಏಳಬೇಕು, ‘ಬಾಗಿಲನ್ನು ಮುಟ್ಟು’ ಎಂದರೆ ಮುಟ್ಟಬೇಕು. ತೊಟ್ಟಿಲ ಮಗುವೂ ತಾಯಿಯ ಮಾತನ್ನು ಹೀಗೆಯೇ ಅಲ್ಲವೆ ಕಲಿಯುವುದು? ಅದು ‘ಚಂದಮಾಮ ಎಲ್ಲಿ?’ ಎಂದರೆ ಬೆರಳು ತೋರಿಸುವುದು ಮೊದಲು, ‘ಚಂದಮಾಮ’ ಎನ್ನುವುದು ಎಷ್ಟೋ ತಿಂಗಳ ಮೇಲೆ. ನಾಲ್ಕು ದಶಕಗಳು ಕಳೆದಮೇಲೆ ಅಮೆರಿಕದ ಜೇಮ್ಸ್ ಆಶರರು ಇದೇ ತತ್ತ್ವಕ್ಕೆ ಹೊಸ ಹೆಸರಿಟ್ಟು ಪ್ರಚಾರಪಡಿಸಿದರು. ನಮ್ಮ ಶಿಕ್ಷಣಶಾಲೆಗಳಲ್ಲಿ ಆಶರರ ಹೆಸರನ್ನು ಬಾಯಿಪಾಠ ಮಾಡಿಸುತ್ತಾರೆ. ಪಾಮರರ ಪುಸ್ತಕವನ್ನು ತೆರೆದವರು ಕಡಿಮೆ.

ಇಷ್ಟು ಪೀಠಿಕೆಯಾದಮೇಲೆ ನಮ್ಮ ದಕ್ಷಿಣದೇಶದಲ್ಲಿಯೇ ನಡೆದ ದೊಡ್ಡ ಪ್ರಯತ್ನಕ್ಕೆ ಬರಬಹುದು. 1959ರಲ್ಲಿ ಮದರಾಸು ರಾಜ್ಯದಲ್ಲಿ, ಇಂಗ್ಲಿಷನ್ನು ಆರಂಭಿಸುವ ಮಕ್ಕಳಿಗೆ ಪಾಠಹೇಳುವ ಸುಮಾರು 27,000 ಉಪಾಧ್ಯಾಯರಿಗೆ ಹೊಸದಾಗಿ ಶಿಕ್ಷಣ ಕೊಡುವ ಯೋಜನೆ ಹೊರಟಿತು. ಕೆಲವರನ್ನು ತಜ್ಞರು ತಯಾರುಮಾಡುವುದು, ಅವರು ಇನ್ನೂ ಕೆಲವರನ್ನು, ಆ ಕೆಲವರು ಹಲವರನ್ನು. ಹೀಗೆ ಉರುಳುತ್ತ ಉರುಳುತ್ತ ಬೆಳೆಯುವ ಹಿಮದ ಉಂಡೆಯ ಹೆಸರನ್ನೇ ಅದಕ್ಕೆ ಇಟ್ಟರು. ಹಿಮವನ್ನೇ ಕಾಣದ ಮದರಾಸಿಗೆ ಈ ಹೆಸರು ಎಷ್ಟು ಒಪ್ಪುತ್ತದೆಯೋ ವಾಚಕರೇ ಹೇಳಬೇಕು. ನಮ್ಮಲ್ಲಿ ಒಬ್ಬರಿಂದೊಬ್ಬರಿಗೆ ಕೈದಾಟುವ ಮಜ್ಜಿಗೆಗೆ ಪ್ರತಿಯೊಬ್ಬರೂ ಒಂದು ಚೆಂಬು ನೀರನ್ನು ಸೇರಿಸುತ್ತಾರೆ.

ಆದರೆ ನಮ್ಮ ಆಕ್ಷೇಪಣೆ ನೀರು ಸೇರಿದ ವಿಷಯವಾಗಿ ಅಲ್ಲ. ಕೈದಾಟಿದ ವಸ್ತುವೇ ಬೇರೆಯಾಗಿತ್ತು. ವಾಕ್ಯರಚನೆಗಳನ್ನು ಸುಲಭದಿಂದ ಕಠಿನಕ್ಕೆ ಸಾಲಾಗಿ ಜೋಡಿಸಿ, ಒಂದೊಂದನ್ನೂ ತೋರಿಸಿ ಹೇಳಿ, ಹೇಳಿಸಿ, ಅಭ್ಯಾಸಮಾಡಿಸುವುದು ಆ ಕಾಲದ ಕ್ರಮ. ಉಪಾಧ್ಯಾಯ ಪೆನ್ನನ್ನು ಎತ್ತಿ ಹಿಡಿದು ‘ದಿಸ್ ಈಸ್ ಎ ಪೆನ್’ ಎನ್ನುತ್ತಾನೆ. ಮಕ್ಕಳೆಲ್ಲರೂ ಒಕ್ಕೊರಲಿನಿಂದ ಅದನ್ನೇ ಎನ್ನುತ್ತಾರೆ. ಲೋಕದಲ್ಲಿ ಯಾವ ಮನುಷ್ಯನಾದರೂ ಇನ್ನೊಬ್ಬನ ಮುಂದೆ ನಿಂತು, ಇಬ್ಬರಿಗೂ ಗೊತ್ತಿರುವ ಪೆನ್ನನ್ನು ತೋರಿಸಿ, ಇದು ಪೆನ್ನು ಎಂದು ಹೇಳಿದ್ದುಂಟೆ? ಮಗು ಅದನ್ನು ಒಪ್ಪಿಸಿತು, ನಿಜ, ಮಾತಾಡಲಿಲ್ಲ. ಉಪಾಧ್ಯಾಯನೂ ಮಾತಾಡಲಿಲ್ಲ. ಕೈಯಿಂದ ಕೈಗೆ ದಾಟಿಹೋದುದು ವಾಕ್ಯಗಳ ಪಟ್ಟಿ. ಅರವತ್ತು ವರ್ಷಗಳ ಮೇಲೂ ಆ ಪೆನ್ನು ನಮ್ಮ ಶಿಶುವರ್ಗಗಳಲ್ಲಿ ಎತ್ತಿದ ಕೈಯಲ್ಲಿಯೇ ಇದೆ.

ಇದಕ್ಕೆ ನೇರವಾದ ಖಂಡನೆ ಬೆಂಗಳೂರಿನಿಂದಲೇ ಬಂದುದು ನಮಗೆ ಹೆಮ್ಮೆಯ ವಿಷಯ. ದಕ್ಷಿಣದ ರಾಜ್ಯಗಳ ಉಪಾಧ್ಯಾಯರಿಗಾಗಿ 1963ರಲ್ಲಿ ಇಲ್ಲಿ ಸ್ಥಾಪಿತವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಂಬಂಧದಲ್ಲಿ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಅದರ ವೃತ್ತಾಂತವೂ ತತ್ತ್ವವೂ 1987ರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಎಂಬ ಗ್ರಂಥದಲ್ಲಿವೆ. ಮನಸ್ಸು ಅರ್ಥದ ಕಡೆಗೆ ತಿರುಗಿರುವಾಗಲೇ ಭಾಷೆಯ ರೂಪ ಒಳಗೆ ಇಳಿಯುತ್ತದೆ ಎಂಬುದು ಅವರ ಸಿದ್ಧಾಂತ. ಆದಕಾರಣ ವಾಕ್ಯಗಳ ಪಟ್ಟಿಯನ್ನು ಬಿಟ್ಟು ಅವರು ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಮಕ್ಕಳ ಮುಂದಿಟ್ಟು, ಇಂಗ್ಲಿಷಿನಲ್ಲಿಯೇ ಆಲೋಚಿಸಿ ಬಿಡಿಸಬೇಕಾದ ಕೆಲಸಗಳನ್ನು ಕೊಟ್ಟರು. ಗ್ರಂಥ ಸಣ್ಣದು, ವಿಚಾರ ದೊಡ್ಡದು. ನಮ್ಮ ನೆಲದಲ್ಲಿ ಹುಟ್ಟಿದ ಒಂದು ಶಿಕ್ಷಣತತ್ತ್ವವನ್ನು ಜಗತ್ತಿನ ಭಾಷಾಬೋಧಕರೆಲ್ಲರೂ ಚರ್ಚಿಸಿದ ನಿದರ್ಶನ ಇನ್ನೊಂದು ಸುಲಭವಾಗಿ ನೆನಪಿಗೆ ಬಾರದು.

ಆದರೂ ಶಿಶುವರ್ಗದ ದೃಷ್ಟಿಯಿಂದ ಎರಡು ಕೊರತೆಗಳನ್ನು ಹೇಳಬೇಕಾಗಿದೆ. ಒಂದು, ಆ ಪ್ರಯೋಗದ ಮಕ್ಕಳು ಬಹುಮಟ್ಟಿಗೆ ದೊಡ್ಡವರು. ವೇಳಾಪಟ್ಟಿ ಐದು ವರ್ಷದ ಕೂಸಿಗೆ ಅರ್ಥವಾಗತಕ್ಕದ್ದಲ್ಲ. ಇದಕ್ಕೆ ಪರಿಹಾರವುಂಟು: ಮಗುವಿನ ವೇಳಾಪಟ್ಟಿ ಎಂದರೆ ಕಥೆ. ಮುಂದೇನಾಯಿತು ಎಂಬ ಕುತೂಹಲದಲ್ಲಿ ಅದರ ಮನಸ್ಸು ಅರ್ಥಕ್ಕೆ ಅಂಟಿರುತ್ತದೆ. ಎರಡನೆಯದು ಹೆಚ್ಚು ತೊಡಕಿನದು. 1990ರಲ್ಲಿ ಅಲನ್ ಬೆರೆಟ್ಟ ಅವರು ಈ ಪ್ರಯೋಗದ ಆಚರಣೆಯನ್ನು ಪರೀಕ್ಷಿಸಿದಾಗ, ಹೊರಗಿನಿಂದ ಬಂದು ಪಾಠಹೇಳಿದ ತಜ್ಞರಲ್ಲಿ ಅದು ಚೆನ್ನಾಗಿ ನೆಲೆಗೊಂಡಿತ್ತೆಂದೂ, ಆಯಾ ಶಾಲೆಗಳ ಸಾಮಾನ್ಯ ಉಪಾಧ್ಯಾಯರಲ್ಲಿ ಹಾಗೆ ಬೇರೂರಿರಲಿಲ್ಲವೆಂದೂ ಕಂಡುಬಂತು. ನಮಗೆ ಇದು ಆಶ್ಚರ್ಯವಲ್ಲ. ಪಟ್ಟಿಯಲ್ಲಿಲ್ಲದ ವಾಕ್ಯವನ್ನು ಆ ಕ್ಷಣದಲ್ಲಿಯೇ ಹುಟ್ಟಿಸಬಲ್ಲ ಉಪಾಧ್ಯಾಯನಿದ್ದರೆ ತಾನೆ ಪಟ್ಟಿಯನ್ನು ಕೈಬಿಡಬಹುದಾದುದು! ಮಗು ತಲೆಯಲ್ಲಾಡಿಸಿದರೆ ಅದನ್ನೇ ಬೇರೆ ಮಾತಿನಲ್ಲಿ ಹೇಳಬೇಕು. ಕಿಟಕಿಯಲ್ಲಿ ಕೋತಿ ಬಂದು ಕುಳಿತರೆ ಪಾಠವನ್ನು ಕೋತಿಯ ಮೇಲಕ್ಕೆ ತಿರುಗಿಸಬೇಕು. ಇದು ಶಾಸ್ತ್ರದಿಂದ ಬರುವುದಿಲ್ಲ, ಬಳಕೆಯಿಂದ ಬರಬೇಕು. ಬೋಧಕನಿಗೆ ತಾನು ಮಾಡುತ್ತಿರುವುದು ಸರಿಯೆಂಬ ಒಳನಂಬಿಕೆ ಇರಬೇಕೆಂದೂ, ಅದಿಲ್ಲದೆ ಎಲ್ಲರಿಗೂ ಒಪ್ಪುವ ಶ್ರೇಷ್ಠಪದ್ಧತಿ ಎಂಬುದಿಲ್ಲವೆಂದೂ ಪ್ರಭು ಅವರೇ 1990ರ ಒಂದು ಲೇಖನದಲ್ಲಿ ವಾದಿಸಿದ್ದಾರೆ. ಆದರೆ ಬಾರದ ಭಾಷೆಯಲ್ಲಿ ಒಳನಂಬಿಕೆ ಎಲ್ಲಿಯದು?

ಉಚ್ಚಾರಣೆಯ ವಿಷಯಕ್ಕೆ ಬಂದರೆ ಶಿಕ್ಷಣಕ್ರಮದ ದೋಷ ಇನ್ನೂ ಸ್ಪಷ್ಟವಾಗುತ್ತದೆ. ಭಾವೀ ಉಪಾಧ್ಯಾಯರಿಗೆ ಇಂಗ್ಲಿಷಿನ ಸ್ವರವ್ಯಂಜನಗಳ ಕೋಷ್ಟಕವನ್ನು ಕೊಟ್ಟು, ತಮ್ಮ ಮತ್ತು ಮಕ್ಕಳ ‘ತಪ್ಪು’ಗಳನ್ನು ಎಣಿಸುವುದನ್ನು ಕಲಿಸುತ್ತಾರೆ. ಮಗು ‘ಬಸ್ಸು’, ‘ಪೆನ್ನು’, ‘ಕಾರು’ ಎನ್ನುತ್ತದೆ, ತಿದ್ದಬೇಕಂತೆ. ಇಲ್ಲಿ ಕನ್ನಡದ ಚರಿತ್ರೆಯನ್ನು ಬಲ್ಲವರು ಒಂದು ಕ್ಷಣ ನಿಲ್ಲಬೇಕು. ಹಳಗನ್ನಡದ ‘ಕಣ್’, ‘ಕಲ್’ ಎಂಬುವು ‘ಕಣ್ಣು’, ‘ಕಲ್ಲು’ ಆದುವು. ‘ಪಾಲ್’ ಎಂಬುದು ‘ಹಾಲು’ ಆಯಿತು. ಹ್ರಸ್ವದ ಮುಂದಿನ ವ್ಯಂಜನ ಇಮ್ಮಡಿಸಿ ಉಕಾರ ಪಡೆಯಿತು. ದೀರ್ಘದ ಮುಂದಿನದು ಇಮ್ಮಡಿಸದೆ ಪಡೆಯಿತು. ‘ಬಸ್ಸು’, ‘ಪೆನ್ನು’ಗಳಲ್ಲಿ ದ್ವಿತ್ವ ಉಂಟು, ‘ಕಾರು’ ಎಂಬಲ್ಲಿ ಇಲ್ಲ. ಶಾಲೆಗೆ ಹೆಜ್ಜೆಯಿಡದ ಮಗು ಸಾವಿರ ವರ್ಷದ ಧ್ವನಿನಿಯಮವನ್ನು ಎಳ್ಳಷ್ಟೂ ತಪ್ಪದೆ ಪಾಲಿಸುತ್ತಿದೆ! ಇದು ತಪ್ಪಲ್ಲ, ವ್ಯಾಕರಣ. ಇದನ್ನು ಅರಿತ ಉಪಾಧ್ಯಾಯ ಮಗುವನ್ನು ಗದರಿಸುವುದಿಲ್ಲ. ತಾನು ಕನ್ನಡ ಆಡುವಾಗ ‘ಪೆನ್ನು’ ಎಂದೂ ಇಂಗ್ಲಿಷ್ ಆಡುವಾಗ ‘ಪೆನ್’ ಎಂದೂ ಎರಡನ್ನೂ ಬೇರೆ ಬೇರೆಯಾಗಿ ಕೇಳಿಸುತ್ತಾನೆ. ಮಗುವಿನ ಕಿವಿ ಎರಡು ಮನೆಗಳನ್ನು ತಾನೇ ಕಟ್ಟಿಕೊಳ್ಳುತ್ತದೆ. ‘ಯೆಗ್ಗು’, ‘ಇಸ್ಕೂಲು’ ಮೊದಲಾದುವಕ್ಕೂ ಇದೇ ಮಾತು. ಇಂಗ್ಲಿಷನ್ನು ಕಲಿಸುವವನಿಗೆ ಕನ್ನಡದ ವ್ಯಾಕರಣ ಬೇಡವೆನ್ನುವ ಪಾಠಕ್ರಮವನ್ನು ರಚಿಸಿದವರಿಗೆ ಈ ಸಂಗತಿ ಹೊಳೆಯದೆ ಹೋದುದು ಸೋಜಿಗ.

ತಿದ್ದಬೇಕಾದುದು ಬೇರೆ ಒಂದುಂಟು. ಕನ್ನಡದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಲಘುಗುರುಗಳಿಗೆ ತಕ್ಕ ಕಾಲ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಅಕ್ಷರ ಮಿಕ್ಕವನ್ನು ನುಂಗಿಬಿಡುತ್ತದೆ. ವಾಕ್ಯದ ಈ ಏರಿಳಿತ ಬಾರದಿದ್ದರೆ ಬಿಡಿ ಧ್ವನಿಗಳು ಎಷ್ಟು ಶುದ್ಧವಾಗಿದ್ದರೂ ಕೇಳುವವನಿಗೆ ತೊಡಕು. ಅದು ಬಂದರೆ ಬಿಡಿ ಧ್ವನಿಗಳ ಲೋಪ ಅಷ್ಟಾಗಿ ಬಾಧಿಸದು. ಶಿಶುಗೀತಗಳಿಂದ ಇದು ಬರುತ್ತದೆಂದು ಹೇಳುವುದುಂಟು. ಆದರೆ ನಮ್ಮ ಮಕ್ಕಳು ಆ ಗೀತಗಳನ್ನು ನಮ್ಮ ಮಾತ್ರಾಗಣಗಳ ನಡಿಗೆಗೆ ಇಳಿಸಿಕೊಂಡು ಹಾಡುವುದನ್ನು ಯಾರು ಬೇಕಾದರೂ ಕೇಳಬಹುದು. ಹಾಡು ಇರಲಿ, ಮಕ್ಕಳಿಗೆ ಸಂತೋಷವಾಗುತ್ತದೆ. ಇಪ್ಪತ್ತು ಗೀತಗಳನ್ನು ಹಾಡಬಲ್ಲ ಮಗು ಬಾಯಾರಿದಾಗ ನೀರು ಕೇಳಲಾರದೆ ನಿಂತಿರುತ್ತದೆಯೆಂಬುದನ್ನು ಮಾತ್ರ ಮರೆಯಬಾರದು.

ಈ ಎಲ್ಲಕ್ಕೂ ಪ್ರತಿಯಾಗಿ, ಮದರಾಸಿನ ಯೋಜನೆಗೆ ತೀರ ವಿರುದ್ಧವಾದ ಒಂದು ನಿದರ್ಶನ ಕೋಲಾರ ಜಿಲ್ಲೆಯಲ್ಲಿತ್ತು. ಬ್ರಿಟಿಷ್ ಕೌನ್ಸಿಲಿನಲ್ಲಿ ಕೆಲಸಮಾಡಿದ್ದ ಡೇವಿಡ್ ಹಾರ್ಸ್‌ಬರೊ ಅವರು 1972ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನ ಬಳಿ ನೀಲ್‌ಬಾಗ್ ಎಂಬ ಹಳ್ಳಿಯ ಶಾಲೆಯನ್ನು ತೆರೆದರು. ಅಲ್ಲಿ ಉಪಾಧ್ಯಾಯರಾಗಬೇಕೆಂದು ಬಂದ ಕೆಲವೇ ಮಂದಿ ಶಾಲೆಯಲ್ಲಿಯೇ ವಾಸವಾಗಿದ್ದು, ಮಕ್ಕಳ ನಡುವೆ ದುಡಿದು ಕಲಿತರು. 27,000 ಜನಕ್ಕೆ ಇದು ಸಲ್ಲದೆಂಬುದು ಸರಿಯೇ. 1984ರಲ್ಲಿ ಹಾರ್ಸ್‌ಬರೊ ಅವರು ತೀರಿಕೊಂಡಮೇಲೆ ಆ ಶಾಲೆ ಅದೇ ರೀತಿಯಲ್ಲಿ ಮುಂದುವರಿಯಲಿಲ್ಲವೆಂಬುದೂ ಸರಿಯೇ. ಆದರೆ ಮಕ್ಕಳ ಎದುರಿನಲ್ಲಿ ಕಲಿತ ಬೋಧನೆಗೂ ಕಾಗದದ ಮೇಲೆ ಕಲಿತ ಬೋಧನೆಗೂ ಇರುವ ಅಂತರವನ್ನು ಅದು ತೋರಿಸಿತು.

ಹಾಗಾದರೆ ಇಂದಿನ ಎರಡು ವರ್ಷದ ಉಪಾಧ್ಯಾಯ ಶಿಕ್ಷಣದಲ್ಲಿ ಮಾಡಬಹುದಾದುದೇನು? ದೊಡ್ಡ ಸುಧಾರಣೆಯನ್ನು ನಾವು ಸೂಚಿಸುವುದಿಲ್ಲ. ಪದ್ಧತಿಗಳ ಇತಿಹಾಸಕ್ಕೆ ಮೀಸಲಾದ ಗಂಟೆಗಳಲ್ಲಿ ಅರ್ಧವನ್ನು ತೆಗೆದು ಭಾವೀ ಉಪಾಧ್ಯಾಯನ ಸ್ವಂತ ಮಾತಿಗೆ ಕೊಡಬೇಕು. ಅವನಿಗೆ ಷೇಕ್ಸ್‌ಪಿಯರನ ಇಂಗ್ಲಿಷು ಬೇಕಾಗಿಲ್ಲ. ಮಗುವನ್ನು ಕರೆಯುವುದು, ಕೂರಿಸುವುದು, ಹಂಚುವುದು, ಹೊಗಳುವುದು, ಸಮಾಧಾನಪಡಿಸುವುದು, ಒಂದು ಸಣ್ಣ ಕಥೆಯನ್ನು ಮೂರು ಬಗೆಯಾಗಿ ಹೇಳುವುದು, ಇಷ್ಟು ಅವನ ಬಾಯಲ್ಲಿ ತಡವರಿಸದೆ ಬಂದರೆ ಸಾಕು. ಮಗು ಕನ್ನಡದಲ್ಲಿ ಉತ್ತರ ಕೊಟ್ಟರೆ ಅದನ್ನು ಸ್ವೀಕರಿಸಿ ಇಂಗ್ಲಿಷಿನಲ್ಲಿ ಮುಂದುವರಿಸುವುದನ್ನೂ ಅಭ್ಯಾಸಮಾಡಿಸಬೇಕು. ಅರ್ಥವಾಯಿತೆಂಬುದಕ್ಕೆ ಕನ್ನಡದ ಉತ್ತರಕ್ಕಿಂತ ದೊಡ್ಡ ಸಾಕ್ಷಿ ಬೇರೆ ಯಾವುದು?

ಪರೀಕ್ಷೆಯ ಕ್ರಮವೂ ಬದಲಾಗಬೇಕು. ಪಾಠಯೋಜನೆಯ ಕಾಗದವನ್ನು ತಿದ್ದಿ ಅಂಕ ಕೊಡುವುದರ ಬದಲು ಪರೀಕ್ಷಕರು ಐದಾರು ಮಕ್ಕಳನ್ನು ಅಭ್ಯರ್ಥಿಯ ಮುಂದೆ ಕೂರಿಸಿ, ಕೈಯಲ್ಲಿ ಪುಸ್ತಕವಿಲ್ಲದೆ ಹತ್ತು ನಿಮಿಷ ಕಥೆ ಹೇಳಿಸಲಿ. ಆಮೇಲೆ ಅಭ್ಯರ್ಥಿಯನ್ನು ಹೊರಕ್ಕೆ ಕಳುಹಿಸಿ, ಕಥೆ ಏನೆಂದು ಮಕ್ಕಳನ್ನು ಕನ್ನಡದಲ್ಲಿ ಕೇಳಲಿ. ಮಕ್ಕಳು ಹೇಳಿದಷ್ಟೇ ಅಂಕ. ಈ ಪರೀಕ್ಷೆಯಲ್ಲಿ ನಿಲ್ಲಲಾರದವರನ್ನು ಶಿಶುವರ್ಗದ ಇಂಗ್ಲಿಷಿಗೆ ನೇಮಿಸುವುದಕ್ಕಿಂತ, ಆ ಶಾಲೆಯಲ್ಲಿ ಆ ಅರ್ಧ ಗಂಟೆಯನ್ನು ಕನ್ನಡದ ಕಥೆಗೇ ಬಿಟ್ಟು, ಇಂಗ್ಲಿಷನ್ನು ಎರಡು ವರ್ಷ ತಡೆದು ಆರಂಭಿಸುವುದು ಮೇಲೆಂದು ನಮಗೆ ತೋರುತ್ತದೆ. ಹಾಗೆ ಮಾಡಿದ ಶಾಲೆಯ ಮಕ್ಕಳನ್ನೂ, ಮೊದಲ ದಿನದಿಂದ ಪೆನ್ನನ್ನು ಎತ್ತಿ ತೋರಿಸಿದ ಶಾಲೆಯ ಮಕ್ಕಳನ್ನೂ ಐದನೆಯ ತರಗತಿಯಲ್ಲಿ ಅಕ್ಕಪಕ್ಕದಲ್ಲಿ ಕೂರಿಸಿ ಮಾತಾಡಿಸಿ ನೋಡುವ ಕೆಲಸವನ್ನು ಜಿಲ್ಲಾ ಶಿಕ್ಷಣ ಸಂಸ್ಥೆಗಳು ಕೈಗೊಳ್ಳಬಹುದು; ಅದಕ್ಕೆ ಹೆಚ್ಚು ಹಣವೂ ಬೇಕಾಗಿಲ್ಲ.