ಕೊಡಗೂಸಿನ ಹಾಲು, ಹಿರಿಯರ ಕೋಲು

ಕೋಳೂರ ಕೊಡಗೂಸಿನ ಕಥೆಯನ್ನು ಕೇಳದ ಶಿವಭಕ್ತರ ಮನೆ ಕನ್ನಡನಾಡಿನಲ್ಲಿ ವಿರಳ. ಹರಿಹರನು ಅದನ್ನು ರಗಳೆಯಾಗಿಸಿದನು. ಪಾಲ್ಕುರಿಕೆ ಸೋಮನಾಥನು ತನ್ನ ತೆಲುಗು ಬಸವಪುರಾಣದಲ್ಲಿ ಅದಕ್ಕೆ ಮುಗ್ಧಭಕ್ತರ ಕಥೆಗಳ ಸಾಲಿನಲ್ಲಿ ಎಡೆಗೊಟ್ಟನು. 1369ರಲ್ಲಿ ಭೀಮಕವಿಯು ಆ ಪುರಾಣವನ್ನು ಕನ್ನಡಕ್ಕೆ ತಂದನು. ನಿರೂಪಣೆಯಿಂದ ನಿರೂಪಣೆಗೆ ವಿವರಗಳಲ್ಲಿ ಭೇದವಿದ್ದರೂ ಕಥೆಯ ಹಂದರ ಒಂದೇ. ದಿನವೂ ಶಿವನಿಗೆ ಹಾಲನ್ನು ನಿವೇದಿಸುವ ನೇಮವುಳ್ಳ ತಂದೆ ಪರಊರಿಗೆ ಹೊರಡುವಾಗ ಆ ಕೆಲಸವನ್ನು ಎಳೆಯ ಮಗಳಿಗೆ ವಹಿಸುತ್ತಾನೆ. ಹುಡುಗಿ ಹಾಲನ್ನು ಕಾಯಿಸಿ ಗುಡಿಗೆ ಒಯ್ಯುತ್ತಾಳೆ, ಶಿವನು ಕುಡಿಯುವುದಿಲ್ಲ. ಬೇಡುತ್ತಾಳೆ, ಅಳುತ್ತಾಳೆ, ಕಡೆಗೆ ತಲೆಯನ್ನು ಚಚ್ಚಿಕೊಂಡು ಪ್ರಾಣ ಬಿಡಲು ಮುಂದಾಗುತ್ತಾಳೆ. ಶಿವನು ಹಾಲನ್ನು ಕುಡಿಯುತ್ತಾನೆ. ಅಂದಿನಿಂದ ಅದೇ ಅವರಿಬ್ಬರ ನಿತ್ಯದ ರೂಢಿಯಾಗುತ್ತದೆ.

ಹೇಳುವವರು ಬಹುಮಟ್ಟಿಗೆ ಇಲ್ಲಿಗೇ ನಿಲ್ಲುತ್ತಾರೆ. ಪವಾಡ ಜರುಗಿತು, ಭಕ್ತಿ ಗೆದ್ದಿತು, ಮಂಗಳಾರತಿಯಾಯಿತು. ಆದರೆ ಕಾವ್ಯದೃಷ್ಟಿಯಿಂದ ನೋಡಿದರೆ ಕಥೆ ಆರಂಭವಾಗುವುದೇ ತಂದೆ ಊರಿನಿಂದ ಹಿಂದಿರುಗಿದ ಮೇಲೆ. ಪ್ರಸಾದದ ಹಾಲೆಲ್ಲಿ ಎಂದು ಅವನು ಕೇಳುತ್ತಾನೆ. ಶಿವನು ಕುಡಿದನೆಂದು ಮಗಳು ಹೇಳುತ್ತಾಳೆ. ತಂದೆ ನಂಬುವುದಿಲ್ಲ. ಕಣ್ಣಾರೆ ತೋರಿಸೆಂದು ಗುಡಿಗೆ ಕರೆದೊಯ್ಯುತ್ತಾನೆ. ಅವನೆದುರಿಗೆ ಶಿವನು ಹಾಲನ್ನು ಮುಟ್ಟುವುದಿಲ್ಲ. ಸುಳ್ಳಾಡಿದಳೆಂದು ತಂದೆ ಹೊಡೆಯಲು ಬಂದಾಗ ಮಗು ಲಿಂಗದ ಮರೆಹೊಗುತ್ತದೆ. ಲಿಂಗವು ಬಾಯ್ದೆರೆದು ಅವಳನ್ನು ಒಳಗೊಳ್ಳುತ್ತದೆ. ಹಿಡಿಯಹೋದ ತಂದೆಯ ಪಾಲಿಗೆ ಉಳಿದದ್ದು ಕೂದಲು ಮಾತ್ರ.

ಈ ಕೊನೆಯನ್ನು ಮರೆತು ಮೊದಲರ್ಧವನ್ನು ಮಾತ್ರ ಕೊಂಡಾಡುವುದು ಕಥೆಗೆ ಮಾಡುವ ಅನ್ಯಾಯ. ಇದು ಮಗುವಿನ ನಂಬಿಕೆಯ ಕಥೆ ಎಷ್ಟೋ ಅಷ್ಟೇ ಹಿರಿಯರ ಅಪನಂಬಿಕೆಯ ಕಥೆಯೂ ಹೌದು. ಶಿವನು ಹಾಲು ಕುಡಿಯುವನೆಂಬ ಮಾತನ್ನು ಮಗುವಿನ ಮನಸ್ಸಿನಲ್ಲಿ ಬಿತ್ತಿದವನು ತಂದೆಯೇ. ವರ್ಷಗಟ್ಟಲೆ ಅವನು ತುಂಬಿದ ಬಟ್ಟಲನ್ನು ಒಯ್ದು ತುಂಬಿದ ಬಟ್ಟಲನ್ನೇ ಮರಳಿ ತಂದವನು. ಶಿವನು ಏಕೆ ಕುಡಿಯಲಿಲ್ಲ ಎಂದು ಅವನು ಒಂದು ದಿನವೂ ಅತ್ತವನಲ್ಲ. ಅಳಬೇಕೆಂಬುದೇ ಅವನಿಗೆ ತೋಚಿರಲಿಲ್ಲ. ಬಟ್ಟಲು ಬರಿದಾದ ದಿನ ಅವನಿಗೆ ಕೋಪ ಬಂದಿತು. ನೇಮ ತಪ್ಪದ ಭಕ್ತನೊಬ್ಬನು ತನ್ನ ದೇವರು ಉಂಡನೆಂದು ಕೇಳಿ ಸಿಟ್ಟಾಗುವ ಈ ಸನ್ನಿವೇಶಕ್ಕೆ ಸಮನಾದ ವಿಡಂಬನೆ ನಮ್ಮ ಪುರಾಣಸಾಹಿತ್ಯದಲ್ಲಿ ಹೆಚ್ಚಿಲ್ಲ. ಸ್ಥಾವರವನ್ನು ಒಪ್ಪದ ಶರಣರ ಪರಂಪರೆಯು ಗುಡಿಯೊಳಗೆ ನಡೆಯುವ ಈ ಕಥೆಯನ್ನು ಅಷ್ಟು ಆದರದಿಂದ ಉಳಿಸಿಕೊಂಡುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಗುಡಿಗೆ ನಿತ್ಯ ಹೋಗುವವನಿಗೆ ಇಲ್ಲಿ ಏನೂ ದಕ್ಕುವುದಿಲ್ಲ.

'ಮುಗ್ಧ' ಎಂಬ ಪದವನ್ನೂ ಇಲ್ಲಿ ಗಮನಿಸಬೇಕು. 'ಮೋಹ'ಕ್ಕೂ ಅದಕ್ಕೂ ಮೂಲಧಾತು ಒಂದೇ. ದಿಕ್ಕುತೋಚದಿರುವುದು, ಪೆದ್ದುತನ, ಎಳೆತನದ ಚೆಲುವು, ಈ ಮೂರೂ ಅರ್ಥಗಳು ಅದರಲ್ಲಿವೆ. 'ಕೊಡಗೂಸು' ಎಂದರೆ ಎಳೆಯ ಹುಡುಗಿ. ಲೋಕದ ಬಾಯಲ್ಲಿ ಅವಳಿಗೆ ಉಳಿದಿರುವುದು ಒಂದು ಊರಿನ ಹೆಸರು, ಒಂದು ವಯಸ್ಸಿನ ಹೆಸರು, ಅಷ್ಟೆ. ಸಂಶಯವೇ ಇಲ್ಲದಿರುವುದು ಮುಗ್ಧತೆಯ ಲಕ್ಷಣವೆಂಬುದು ರೂಢಿಯ ಮಾತು. ಆದರೆ ಕೊಡಗೂಸು ಗುಡಿಯಲ್ಲಿ ಅನುಭವಿಸುವುದು ನೆಮ್ಮದಿಯನ್ನಲ್ಲ, ಘೋರವಾದ ಕಳವಳವನ್ನು. ಶಿವನಿಗೆ ಮುನಿಸೇ, ತನ್ನಿಂದ ತಪ್ಪಾಯಿತೇ, ಮನೆಯಲ್ಲಿ ಏನೆನ್ನುವರೋ ಎಂಬ ಭಯಗಳೆಲ್ಲ ಅವಳಿಗಿವೆ. ಇಲ್ಲದ ಸಂಶಯ ಒಂದೇ, ಎದುರಿಗೆ ಇರುವವನು ಇದ್ದಾನೋ ಇಲ್ಲವೋ ಎಂಬುದು. ಮಕ್ಕಳೊಡನೆ ನಾಲ್ಕು ದಿನ ಕಳೆದವರಿಗೆ ಇದು ಹೊಸತಲ್ಲ. ಬೊಂಬೆಗೆ ಅನ್ನವಿಕ್ಕುವ ಮಗು ಬೊಂಬೆ ಉಣ್ಣದಿದ್ದರೆ ಅದಕ್ಕೆ ಹಸಿವಿಲ್ಲವೆಂದೋ ಜ್ವರವೆಂದೋ ಚಿಂತಿಸುತ್ತದೆಯೇ ಹೊರತು ಬೊಂಬೆಗೆ ಬಾಯಿಲ್ಲವೆಂದು ಎದ್ದುಹೋಗುವುದಿಲ್ಲ.

ಇದೇ ಹಂದರದ ಕಥೆಗಳು ನೆರೆಯ ನಾಡುಗಳಲ್ಲಿಯೂ ಇವೆ. ತಮಿಳಿನ ಶೈವಸ್ತೋತ್ರಗಳನ್ನು ತಿರುಮುರೈಗಳಾಗಿ ಸಂಕಲಿಸಿದನೆಂದು ಪ್ರಸಿದ್ಧನಾದ ನಂಬಿಯಾಂಡಾರ್ ನಂಬಿಯು (ಹರಿಹರನ ನಂಬಿಯಣ್ಣನೇ ಬೇರೆ, ಈತನೇ ಬೇರೆ) ಬಾಲಕನಾಗಿದ್ದಾಗ ತಂದೆಯಿಲ್ಲದ ದಿನ ತಿರುನಾರೈಯೂರಿನ ಗಣಪತಿಗೆ ಎಡೆಯನ್ನು ಒಯ್ದು, ದೇವರು ಉಣ್ಣದಿರಲು ತಲೆಯನ್ನು ಅಪ್ಪಳಿಸಿಕೊಳ್ಳಹೋದನಂತೆ. ಮಹಾರಾಷ್ಟ್ರದ ನಾಮದೇವರು ಬಾಲ್ಯದಲ್ಲಿ ವಿಠ್ಠಲನಿಗೆ ಹಾಲು ಕುಡಿಸಿದ ಕಥೆಯೂ ಪರಂಪರೆಯಲ್ಲಿ ಬಂದಿದೆ. ಆ ಎರಡರಲ್ಲಿಯೂ ಮಗು ಬೆಳೆಯುತ್ತದೆ. ಒಬ್ಬನು ಗ್ರಂಥಸಂಕಲನಕಾರನಾಗುತ್ತಾನೆ, ಇನ್ನೊಬ್ಬರು ಅಭಂಗಕಾರರಾಗುತ್ತಾರೆ. ಬಾಲ್ಯದ ಪವಾಡವು ಮುಂದಿನ ಹಿರಿಮೆಗೆ ಮುನ್ನುಡಿ. ಕೋಳೂರಿನ ಮಗುವಿಗೆ ಮುಂದಿನ ಹಿರಿಮೆಯಿಲ್ಲ, ಮುಂದೇ ಇಲ್ಲ. ಕನ್ನಡದ ಕಥೆ ಹೆಚ್ಚು ನಿಷ್ಠುರವಾದುದು. ಬಹುಶಃ ಹೆಚ್ಚು ಸತ್ಯವಾದುದು ಕೂಡ.

ಷಟ್‌ಸ್ಥಲದ ಪರಿಭಾಷೆಯಲ್ಲಿ ಹೇಳುವುದಾದರೆ ಕೊಡಗೂಸು ಭಕ್ತಸ್ಥಲದ ಶ್ರದ್ಧೆಯಿಂದ ಐಕ್ಯಸ್ಥಲದ ಸಾಮರಸ್ಯಕ್ಕೆ ಒಂದೇ ನೆಗೆತಕ್ಕೆ ಸಂದವಳು. ನಡುವಣ ನಿಷ್ಠೆ, ಅವಧಾನ, ಅನುಭಾವ, ಆನಂದಗಳ ಮೆಟ್ಟಿಲುಗಳನ್ನು ಅವಳು ತುಳಿಯಲೇ ಇಲ್ಲ. ಬೆಳೆದವರಿಗೆ ಆ ನೆಗೆತ ಸಾಧ್ಯವಿಲ್ಲ. ಪ್ರಾಯ ಸಂದವನು ಮಗುವಿನಂತೆ ತೊದಲಿದರೆ ಅದು ನಟನೆ; ಭಕ್ತಿಯ ಹೆಸರಿನ ನಟನೆಯನ್ನು ಶರಣರು ಎಷ್ಟು ಕಟುವಾಗಿ ಖಂಡಿಸಿದರೆಂಬುದನ್ನು ವಚನಗಳ ಓದುಗರು ಬಲ್ಲರು. ಹಾಗಾದರೆ ಒಮ್ಮೆ ಕಳೆದುಹೋದ ಮುಗ್ಧತೆ ಹಿರಿಯರಿಗೆ ಮರಳುವ ದಾರಿಯೇ ಇಲ್ಲವೇ?

ಅದೇ ಬಸವಪುರಾಣದ ಬೆಜ್ಜಮಹಾದೇವಿಯ ಕಥೆ ಈ ಪ್ರಶ್ನೆಗೆ ಎದುರಾಗುತ್ತದೆ. ಆಕೆ ಮಗುವಲ್ಲ. ಆಕೆಯ ಚಿಂತೆಯಾದರೋ ವಿಚಿತ್ರವಾದುದು. ಎಲ್ಲರಿಗೂ ತಾಯಿಯಿದ್ದಾಳೆ, ಶಿವನಿಗೆ ಮಾತ್ರ ಇಲ್ಲ. ತಾಯಿಯಿದ್ದಿದ್ದರೆ ಮಗನು ವಿಷವನ್ನು ಕುಡಿಯಲು ಬಿಡುತ್ತಿದ್ದಳೇ? ಹಾವನ್ನು ಸುತ್ತಿಕೊಂಡು, ಬೂದಿಯನ್ನು ಬಳಿದುಕೊಂಡು, ಸುಡುಗಾಡಿನಲ್ಲಿ ಅಲೆಯಲು ಬಿಡುತ್ತಿದ್ದಳೇ? ಶಾಸ್ತ್ರಜ್ಞರು ಶಿವನನ್ನು ಅಜನೆಂದೂ ಅನಾದಿಯೆಂದೂ ಸ್ತುತಿಸುತ್ತಾರೆ. ಅದೇ ವಿಶೇಷಣ ಬೆಜ್ಜಮಹಾದೇವಿಯ ಕಿವಿಗೆ ತಬ್ಬಲಿತನವಾಗಿ ಕೇಳಿಸಿತು. ತತ್ತ್ವವೊಂದನ್ನು ಇಷ್ಟು ಅಕ್ಷರಶಃ ತೆಗೆದುಕೊಂಡವರು ಪಂಡಿತರಲ್ಲಿ ಇಲ್ಲ. ಆಕೆ ಶಿವನಿಗೆ ತಾನೇ ತಾಯಿಯಾದಳು. ಲಿಂಗಕ್ಕೆ ಎಣ್ಣೆಯೊತ್ತಿ ಎರೆದಳು, ಕಾಡಿಗೆ ಹಚ್ಚಿದಳು, ಹಾಲೂಡಿದಳು, ತೂಗಿದಳು. ಶಿವನೂ ಆ ಆಟಕ್ಕೆ ಒಪ್ಪಿ, ಎಳೆಯ ಮಕ್ಕಳಿಗೆ ಬರುವ ಗಂಟಲ ಬೇನೆ ತನಗೂ ಬಂದಂತೆ ನಟಿಸಿ ಹಾಲನ್ನು ಬಿಟ್ಟನು. ಆಕೆ ಪಟ್ಟ ಸಂಕಟ ಕೂಸಿಗೆ ಕಾಯಿಲೆಯಾದಾಗ ಮನೆಯ ಹೆಂಗಸರು ಪಡುವ ಸಂಕಟವೇ. ಅಲ್ಲಿ ಸ್ತೋತ್ರವಿಲ್ಲ, ಪೂಜಾವಿಧಿಯಿಲ್ಲ, ಗಾಬರಿಯಿದೆ. ಶಿವನು ಪ್ರತ್ಯಕ್ಷನಾದನು, ಆಕೆಗೆ 'ಅಮ್ಮವ್ವೆ' ಎಂಬ ಹೆಸರು ನಿಂತಿತು.

ಎರಡು ಕಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದಾಗ ತೋರುವುದು ಇದು. ಕೊಡಗೂಸು ದೇವರೆದುರು ಮಗುವಾಗಿಯೇ ನಿಂತವಳು. ಬೆಜ್ಜಮಹಾದೇವಿ ಮಗುವಾಗಲು ಹೋಗಲಿಲ್ಲ. ಮಗುವಿನ ಬಳಿ ಕುಳಿತಳು. ಎರೆದು, ಉಣಿಸಿ, ತೂಗುವ ಕೆಲಸಗಳಲ್ಲಿ ಆಕೆಯ ಗಮನ ತನ್ನಿಂದ ಕಳಚಿಕೊಂಡು ಪೂರ್ತಿಯಾಗಿ ಇನ್ನೊಂದು ಜೀವದ ಮೇಲೆ ನೆಲೆಸಿತು. ಪ್ರಸಾದಿಸ್ಥಲಕ್ಕೆ ಹೇಳಿದ ಅವಧಾನಭಕ್ತಿಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ದೊರೆಯುವುದು ಕಷ್ಟ. ಕೂಸಿನ ಉಸಿರಿನ ಏರಿಳಿತಕ್ಕೆ ನಿದ್ದೆಯಲ್ಲಿಯೂ ಕಿವಿಗೊಟ್ಟಿರುವ ಅಜ್ಜಿಯು ಆ ಶಬ್ದವನ್ನು ಕೇಳಿಯೇ ಇರಲಾರಳು; ಅದರ ಅರ್ಥವನ್ನು ಅವಳಿಗೆ ವಿವರಿಸುವ ಅಗತ್ಯವೂ ಇಲ್ಲ. ಕೋಳೂರಿನ ತಂದೆಗೆ ಮನೆಯಲ್ಲಿಯೇ ಮಗುವಿತ್ತು. ಅವನು ಅದಕ್ಕೆ ಕೆಲಸವನ್ನು ವಹಿಸಿದನು, ಲೆಕ್ಕವನ್ನು ಕೇಳಿದನು. ಜೊತೆಯಲ್ಲಿ ಕುಳಿತುದು ಕಥೆಯಲ್ಲೆಲ್ಲಿಯೂ ಇಲ್ಲ. ಗುಡಿಗೆ ಒಟ್ಟಿಗೆ ಹೋದದ್ದು ಒಂದೇ ಸಲ, ಅದೂ ಪರೀಕ್ಷೆಗಾಗಿ. ಶಿವನು ಅಂದು ಹಾಲನ್ನು ಕುಡಿಯದಿದ್ದುದಕ್ಕೆ ವ್ಯಾಖ್ಯಾನಕಾರರು ಬೇರೆ ಕಾರಣಗಳನ್ನು ಹುಡುಕುವ ಶ್ರಮವನ್ನು ಬಿಡಬಹುದು.

ಎಲ್ಲ ತಂದೆಯರೂ ಹೀಗಲ್ಲ. ಏಳನೆಯ ಶತಮಾನದ ತಿರುಜ್ಞಾನಸಂಬಂಧರ, ಕನ್ನಡ ಶೈವಸಾಹಿತ್ಯವು ಪಿಳ್ಳೆನಯನಾರೆಂದು ಕರೆಯುವ ಮಗುವಿನ, ಕಥೆಯಲ್ಲಿಯೂ ಹಾಲಿದೆ, ಸಂಶಯವಿದೆ, ಕೋಪಗೊಂಡ ತಂದೆಯಿದ್ದಾನೆ. ಹನ್ನೆರಡನೆಯ ಶತಮಾನದ ಸೇಕ್ಕಿಳಾರನ ಪೆರಿಯಪುರಾಣವು ಅದನ್ನು ವಿಸ್ತಾರವಾಗಿ ಹೇಳಿದೆ. ಶೀರ್ಕಾಳಿಯ ಗುಡಿಯ ಕೊಳದಲ್ಲಿ ಶಿವಪಾದಹೃದಯನು ಮುಳುಗಿ ಮೀಯುತ್ತಿರುವಾಗ ದಡದಲ್ಲಿದ್ದ ಮೂರು ವರ್ಷದ ಮಗು ತಂದೆಯನ್ನು ಕಾಣದೆ ಅಳುತ್ತದೆ. ಶಿವನ ಅಪ್ಪಣೆಯಂತೆ ಪಾರ್ವತಿಯು ಹೊನ್ನಬಟ್ಟಲಲ್ಲಿ ಹಾಲನ್ನು ಕೊಡುತ್ತಾಳೆ. ಕೋಳೂರಿನಲ್ಲಿ ಮಗುವಿನಿಂದ ದೇವರಿಗೆ ಹೋದ ಹಾಲು ಇಲ್ಲಿ ದೇವರಿಂದ ಮಗುವಿಗೆ ಬಂದಿದೆ. ನೀರಿನಿಂದ ಮೇಲೆದ್ದ ತಂದೆ ಮಗನ ಕಟವಾಯಿಯಲ್ಲಿ ಹಾಲನ್ನು ಕಂಡು, ಯಾರೋ ಎಂಜಲನ್ನು ಕುಡಿಸಿದರೆಂದು ಸಿಡಿದು, ಕೊಟ್ಟವರಾರೆಂದು ಕೋಲನ್ನೆತ್ತುತ್ತಾನೆ. ಮಗು ಬೆರಳೆತ್ತಿ ತೋರಿಸಿ ಹಾಡುತ್ತದೆ.

ಇಲ್ಲಿಯವರೆಗೆ ಎರಡೂ ಕಥೆಗಳು ಒಂದೇ ದಾರಿಯಲ್ಲಿ ನಡೆದಿವೆ. ಕವಲೊಡೆಯುವುದು ತಂದೆ ಮಗುವಿನ ಬೆರಳು ತೋರಿದ ಕಡೆಗೆ ತಲೆಯೆತ್ತಿ ನೋಡಿದಲ್ಲಿ. ಶಿವಪಾದಹೃದಯನು ಕೋಲನ್ನು ಕೈಬಿಟ್ಟನು. ಆಮೇಲೆ ಊರಿಂದೂರಿಗೆ, ಗುಡಿಯಿಂದ ಗುಡಿಗೆ, ಆ ಮಗನನ್ನು ಹೆಗಲ ಮೇಲೆ ಹೊತ್ತು ತಿರುಗಿದನು. ಮಗನು ಹಾಡುವನು, ತಂದೆ ಕೇಳುತ್ತ ನಡೆಯುವನು. ನೆಲ್ವಾಯಿಲ್ ಅರತ್ತುರೈಗೆ ಹೋಗುವ ದಾರಿಯಲ್ಲಿ ತಂದೆಯ ಬಳಲಿಕೆಯನ್ನು ಕಂಡು ಮಗು ತಾನೇ ಕೆಳಗಿಳಿದು ಎಳೆಯ ಕಾಲುಗಳಿಂದ ನಡೆಯತೊಡಗಿತೆಂದೂ, ಶಿವನು ಆ ಊರಿನಲ್ಲಿ ಅದಕ್ಕೆ ಮುತ್ತಿನ ಪಲ್ಲಕ್ಕಿಯನ್ನು ಕೊಡಿಸಿದನೆಂದೂ ಕಥೆ. ಅಲ್ಲಿಯವರೆಗೆ ಹೊತ್ತದ್ದು ಒಮ್ಮೆ ಕೋಲೆತ್ತಿದ ಕೈಗಳೇ.