ತಿರುನೆಲ್ಲಿಯ ಕಲ್ಲುದೋಣಿ

ಎಚ್.ಡಿ. ಕೋಟೆ ದಾಟಿ, ಬಾವಲಿಯ ಗೇಟು ಕಳೆದು ಕಾಟ್ಟಿಕುಳಂಗೆ ಬಂದಿಳಿದ ನಮ್ಮವರು ಸಾಮಾನ್ಯವಾಗಿ ವಿಚಾರಿಸುವುದು ಎರಡೇ ದಾರಿ: ಕುರುವಾ ದ್ವೀಪದ್ದು, ತೋಲ್ಪೆಟ್ಟಿ ಸಫಾರಿಯದು. ಎರಡೂ ನೋಡತಕ್ಕವೇ. ಆದರೆ ಕೈಯಲ್ಲಿರುವುದು ಒಂದೇ ದಿನವಾದರೆ, ತೆಟ್ಟು ರೋಡ್‌ನಲ್ಲಿ ಹೊರಳಿ ತಿರುನೆಲ್ಲಿಗೆ ಹೋಗಿ ಎಂದೇ ನಾನು ಹೇಳುವುದು. ಕಾಟ್ಟಿಕುಳಂನಿಂದ ಸುಮಾರು 20 ಕಿ.ಮೀ., ಬಹುಪಾಲು ಕಾಡು. ಹೊರಳುವ ಮೊದಲು ಅಲ್ಲಿನ ಚಹಾದಂಗಡಿಯಲ್ಲಿ ಬಿಸಿ ಉಣ್ಣಿಯಪ್ಪ ತಿನ್ನಿ.

ಬ್ರಹ್ಮಗಿರಿಯ ಮಡಿಲಲ್ಲಿರುವ ತಿರುನೆಲ್ಲಿಯ ವಿಷ್ಣುವಿನ ಗುಡಿಗೆ ಕೊಡಗಿನವರೂ ತಲೆಮಾರುಗಳಿಂದ ನಡೆದುಕೊಳ್ಳುತ್ತಾರೆ. ಕೈಮುಗಿದವರು ನೇರ ಪಾಪನಾಶಿನಿ ತೊರೆಯ ಮೆಟ್ಟಿಲಿಗೆ ಹೊರಟುಬಿಡುತ್ತಾರೆ. ಹೊರಡುವ ಮುನ್ನ ಗುಡಿಯ ಪಕ್ಕ ಅರ್ಧ ಗಂಟೆ ನಿಲ್ಲಿ. ಸಾಲಾಗಿ ನೆಟ್ಟ ಕಲ್ಲುಕಂಬಗಳು, ಅವುಗಳ ತಲೆಯ ಮೇಲೆ ಒಂದರ ತುದಿಗೆ ಇನ್ನೊಂದು ತಾಗುವಂತೆ ಇಟ್ಟ ಕಲ್ಲಿನ ದೋಣಿಗಳು. ಗುಡಿಗೆ ಬಾವಿಯಿಲ್ಲ, ಬೆಟ್ಟದ ನೀರು ಈ ದೋಣಿಗಳಲ್ಲೇ ಇಳಿದು ಬರಬೇಕು. ನೀರಿಗಾಗಿ ಅರ್ಚಕರು ಪಡುತ್ತಿದ್ದ ಪಾಡು ಕಂಡು ಚಿರಕ್ಕಲ್ ಅರಮನೆಯ ರಾಣಿಯೊಬ್ಬಳು ಇದನ್ನು ಮಾಡಿಸಿದಳೆಂದು ಕತೆ. ಮಲೆನಾಡಿನ ಮನೆಗಳಲ್ಲಿ ಅಡಿಕೆ ದಂಬೆಯಿಟ್ಟು ಅಬ್ಬಿ ನೀರನ್ನು ಅಂಗಳಕ್ಕೆ ತಂದುಕೊಳ್ಳುತ್ತಿದ್ದರಲ್ಲ, ಅದೇ ಉಪಾಯ. ದಂಬೆ ಕೆಲವು ಮಳೆಗಾಲಕ್ಕೆ ಕೊಳೆಯುತ್ತದೆ, ಕಲ್ಲು ಕೊಳೆಯುವುದಿಲ್ಲ.

ಮೆಡಿಟರೇನಿಯನ್ ಸೀಮೆಗೆ ಹೋಗುವವರು ದಕ್ಷಿಣ ಫ್ರಾನ್ಸಿನ ಪಾಂ ದು ಗಾರ್ ನೋಡದೆ ಬರುವುದಿಲ್ಲ. ನೀಮ್ ಪಟ್ಟಣಕ್ಕೆ ನೀರು ಒಯ್ಯಲು ರೋಮನ್ನರು ಕಟ್ಟಿದ, ಸುಮಾರು 49 ಮೀಟರ್ ಎತ್ತರದ ಮೂರಂತಸ್ತಿನ ಸೇತುವೆ ಅದು. ಸುಮಾರು 50 ಕಿ.ಮೀ. ಉದ್ದದ ಆ ಕಾಲುವೆಗೆ ಮೊದಲಿನಿಂದ ಕೊನೆಯವರೆಗೆ ಸಿಕ್ಕಿದ ಇಳಿಜಾರು 12 ಮೀಟರ್ ಚಿಲ್ಲರೆ ಮಾತ್ರ! ಆ ಲೆಕ್ಕಾಚಾರಕ್ಕೆ ಯಾರಾದರೂ ತಲೆಬಾಗಬೇಕು. ಆದರೆ ಅದರಲ್ಲಿ ನೀರು ಹರಿದು ಸಾವಿರ ವರ್ಷದ ಮೇಲಾಯಿತು. ತಿರುನೆಲ್ಲಿಯದು ಅದರೆದುರು ಮಗುವಿನಷ್ಟು ಗಾತ್ರ. ಆದರೂ ನನಗೆ ಇದೇ ಹೆಚ್ಚು ಇಷ್ಟ. ಬೆಟ್ಟ, ನೀರು, ಅದನ್ನು ಬೇಡುವ ಗುಡಿ, ಮೂರೂ ಒಂದೇ ನೋಟಕ್ಕೆ ಸಿಗುತ್ತವೆ.

ಗುಡಿಯ ಸುತ್ತ ಅರ್ಧಕ್ಕೆ ನಿಂತ ಕಲ್ಲುಕಂಬಗಳ ಪೌಳಿಯನ್ನೂ ನೋಡಿ. ಕೊಡಗಿನ ಅರಸ ಕಟ್ಟಿಸತೊಡಗಿದ್ದನೆಂದೂ ಕೋಟಯಂ ಅರಸ ತಡೆದನೆಂದೂ ಹೇಳುತ್ತಾರೆ. ಗಡಿಯ ಜಗಳವೊಂದು ಹಾಗೆ ಕಲ್ಲಾಗಿ ನಿಂತಿದೆ.

ಆಮೇಲೆ ಪಾಪನಾಶಿನಿಗೆ ಹೋಗಿ. ಪಿತೃಗಳಿಗೆ ಪಿಂಡವಿಡುವ ಜನ ಅಲ್ಲಿರುತ್ತಾರೆ, ಕ್ಯಾಮೆರಾ ಚೀಲದಲ್ಲೇ ಇರಲಿ. ಹಿಂತಿರುಗುವಾಗ ಸಮಯದ ಮೇಲೆ ಕಣ್ಣಿರಲಿ. ನಾಗರಹೊಳೆ ಕಾಡಿನೊಳಗಿನ ಬಾವಲಿ ದಾರಿಯನ್ನು ಸಂಜೆ 6ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೇ. ಈ ಕಣಿವೆಯ ನೀರೆಲ್ಲ ಕಾಳಿಂದಿ ಹೊಳೆಯಾಗಿ ಕಬಿನಿಗೆ ಸೇರಿ, ಬೀಚನಹಳ್ಳಿಯ ಅಣೆಕಟ್ಟು ದಾಟಿ, ತಿರುಮಕೂಡಲಿನಲ್ಲಿ ಕಾವೇರಿಯಾಗುತ್ತದೆ. ಅದಕ್ಕೆ ಗೇಟಿಲ್ಲ, ನಮಗಿಂತ ಮೊದಲೇ ಹೊರಟಿರುತ್ತದೆ.